ಮುಂದಿನ ಪ್ರಶ್ನೆ

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಓಜೆಲ್ಲಾ ದೊಡ್ಡಮ್ಮ, "ಕೈ ಎತ್ತೇ," ಎಂದಳು. ರೆನೀಟಾ ಎತ್ತಿದಳು. ಚರ್ಚಿನ ಹಿಂಬದಿಯಲ್ಲಿ, ಹಾಡುವವರು ನಿಲುವಂಗಿ ತೊಟ್ಟುಕೊಳ್ಳುವ ಇಕ್ಕಟ್ಟು ಕೋಣೆ ಅದು. ಮೇಕನ್ ಊರಿನ ಜೂನ್ ತಿಂಗಳ ಸೆಕೆ ಕಿಟಕಿಯ ಫ್ಯಾನಿಗೆ ಕವಡೆ ಕಿಮ್ಮತ್ತು ಕೊಟ್ಟಿರಲಿಲ್ಲ. ಪದವಿಪ್ರದಾನದ ಕಪ್ಪು ಗೌನಿನ ಒಳಗೆ ಬೆನ್ನುಹುರಿಯುದ್ದಕ್ಕೂ ಬೆವರು ಇಳಿಯುತ್ತಿತ್ತು. ಒಂದೊಂದು ತೋಳಿಗೂ ಮೂರು ಮಖಮಲ್ಲಿನ ಪಟ್ಟಿ, ಹೆಗಲಿಂದ ಬೆನ್ನಿಗೆ ಇಳಿಬಿದ್ದ ತಿಳಿನೀಲಿ ಅಂಚಿನ ಗವುಸು. ಮೂರು ಪಟ್ಟಿ ಅಂದರೆ ಡಾಕ್ಟರ್ ಪದವಿ, ತಿಳಿನೀಲಿ ಅಂದರೆ ಶಿಕ್ಷಣಶಾಸ್ತ್ರ, ಇವನ್ನೆಲ್ಲ ದೊಡ್ಡಮ್ಮ ಯಾರು ಯಾರನ್ನೋ ಕೇಳಿ ತಿಳಿದುಕೊಂಡಿದ್ದಳು. ವಿಶ್ವವಿದ್ಯಾಲಯದ ಅಂಗಡಿಯಿಂದ ಬಾಡಿಗೆಗೆ ತರಬಹುದು ಎಂದಾಗ ಅವಳು ಕಣ್ಣು ಕೆಕ್ಕರಿಸಿದ್ದಳು. ಈ ಚರ್ಚಿನ ಹಾಡುಗಾರರಿಗೆಲ್ಲ ನಿಲುವಂಗಿ ಹೊಲಿದವಳು ಸ್ವಂತ ಮಗಳಿಗೆ ಬಾಡಿಗೆ ಬಟ್ಟೆ ಹಾಕಿಸುವುದೇ? ಮಗಳು ಅಂದರೆ ತಂಗಿಯ ಮಗಳು, ಆದರೆ ಆ ಮಾತನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಚಳಿಗಾಲದುದ್ದಕ್ಕೂ ಕಣ್ಣಿಗೆ ಎರಡೆರಡು ಕನ್ನಡಕ ಹಾಕಿಕೊಂಡು, ಮಖಮಲ್ಲಿನ ನವಿರು ಒಂದೇ ಕಡೆ ಮಲಗುವ ಹಾಗೆ ಸವರಿ ಸವರಿ ಹೊಲಿದಿದ್ದಳು. "ಬರೀ ಒಂದು ಸಹಿ ಬಾಕಿ ದೊಡ್ಡಮ್ಮ," ಎಂದು ಕ್ರಿಸ್‌ಮಸ್ಸಿನಲ್ಲಿ ಹೇಳಿದ್ದವಳು ರೆನೀಟಾನೇ. ಈಸ್ಟರಿನಲ್ಲೂ ಅದನ್ನೇ ಹೇಳಿದ್ದಳು. ನಿಜ ಹೇಳಿಬಿಡಬೇಕು ಎಂದು ಬೆಳಿಗ್ಗೆ ಎದ್ದಾಗಿನಿಂದ ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು, ಈಗ ಈ ಸೂಜಿ ತೆಗೆಯುವಷ್ಟರಲ್ಲಾದರೂ ಹೇಳಬೇಕು.

ಶುಕ್ರವಾರ ಬಂದ ಇಮೇಲು ಅವಳ ಚೀಲದೊಳಗಿನ ಫೋನಿನಲ್ಲಿತ್ತು. ಅದನ್ನು ಅವಳು ಓದಿದ್ದು ತಾನು ಉಪಮುಖ್ಯೋಪಾಧ್ಯಾಯಿನಿಯಾಗಿರುವ ಶಾಲೆಯ ಜೆರಾಕ್ಸ್ ಕೋಣೆಯಲ್ಲಿ, ಯಂತ್ರ ಕಾಗದ ಕಚ್ಚಿಕೊಂಡು ಕಿರುಚುತ್ತಿದ್ದಾಗ. ಮಾರ್ಗದರ್ಶಕಿ ಡಾಕ್ಟರ್ ಹೇಗನ್ ಬರೆದದ್ದು ಬಹಳ ಸಭ್ಯವಾಗಿತ್ತು. ಸಂಶೋಧನೆಯ ನೀತಿನಿಯಮ ನೋಡುವ ಸಮಿತಿಯ ಅನುಮತಿ ಸಿಗುವ ಮುಂಚೆಯೇ ಮಾಡಿದ ಸಂದರ್ಶನಗಳನ್ನು ಪ್ರಬಂಧದಲ್ಲಿ ಬಳಸುವಂತಿಲ್ಲ, ಅವನ್ನು ಅಳಿಸಿಹಾಕಬೇಕು, ಹೊಸಬರನ್ನು ಹುಡುಕಿ ಹೊಸದಾಗಿ ಮಾಡಬೇಕು. ಆದರೆ ಏಳು ವರ್ಷದ ಗಡುವು ಈ ಬೇಸಿಗೆಯ ಅವಧಿಗೆ ಮುಗಿಯುವುದರಿಂದ, ಇನ್ನಷ್ಟು ಕಾಲ ಬೇಕೆಂಬ ಕೋರಿಕೆಯನ್ನು ವಿಶ್ವವಿದ್ಯಾಲಯ ಮನ್ನಿಸಿಲ್ಲವಾದ್ದರಿಂದ, ಹೊಸದಾಗಿ ಮಾಡಲು ಸಮಯವಿಲ್ಲ. ಇದು ನಿಮಗೆ ನೋವಿನ ಸುದ್ದಿ ಎಂದು ಬಲ್ಲೆ, ಆರೋಗ್ಯ ನೋಡಿಕೊಳ್ಳಿ. ರೆನೀಟಾ ಎರಡು ಸಲ ಓದಿದಳು. ಕೈ ತನ್ನಷ್ಟಕ್ಕೆ ಯಂತ್ರದ ಬಾಗಿಲು ತೆರೆದು ಸುಕ್ಕಾದ ಕಾಗದವನ್ನು ಎಳೆದು ತೆಗೆಯಿತು. ಕಾಗದದ ಮೇಲೆ ಬೇಸಿಗೆ ಶಿಬಿರದ ಊಟದ ಪಟ್ಟಿ ಅರ್ಧ ಅಚ್ಚಾಗಿತ್ತು. "ಏನ್ ಡಾಕ್, ಮಿಷನ್ನಿಗೂ ಆಪರೇಷನ್ನಾ?" ಎಂದು ವ್ಯಾಯಾಮದ ಮೇಷ್ಟ್ರು ಬಾಗಿಲಲ್ಲಿ ನಕ್ಕರು. ಅವಳೂ ನಕ್ಕಳು. ನಕ್ಕಿದ್ದೇ ಈಗ ನೆನಪಾಯಿತು. ಏಳು ವರ್ಷ ಸತ್ತು ಬಿದ್ದಿದ್ದಾಗ ಅದರ ಮುಂದೆ ನಿಂತು ಹಲ್ಲು ಕಿರಿದ ಹಾಗೆ ಇತ್ತು.

"ಅಲುಗಾಡ್ಬೇಡ," ಎಂದಳು ದೊಡ್ಡಮ್ಮ. "ಎಲ್ಲಾದಕ್ಕೂ ಅವಸರ ನಿನಗೆ. ಹುಟ್ಟಿದ್ದೂ ತಿಂಗಳು ತುಂಬೋಕೆ ಮುಂಚೇನೇ."

ಅವಸರ ಹೌದು. ಆನ್‌ಲೈನಿನಲ್ಲೇ ಓದಿಸುವ ಆ ವಿಶ್ವವಿದ್ಯಾಲಯಕ್ಕೆ ಸೇರಿದ ಮೊದಲ ವಾರ ಫೋನು ಮಾಡಿದ ಟ್ರೆವರ್ ಎಂಬ ಸಲಹೆಗಾರ ಹುಡುಗ, ಯಾವ ಊರಿನ ಯಾವ ಮೇಜಿನ ಹಿಂದೆ ಕೂತಿದ್ದನೋ, ಜೇನು ಸುರಿಯುವ ದನಿಯಲ್ಲಿ ಹೇಳಿದ್ದ: ಒಂದೊಂದೇ ಕೋರ್ಸು ತೆಗೆದುಕೊಂಡರೆ ಇಷ್ಟು ವರ್ಷ, ಎರಡೆರಡು ತೆಗೆದುಕೊಂಡರೆ ಅದರ ಅರ್ಧ. ಅವಳು ಎರಡೆರಡು ತೆಗೆದುಕೊಂಡಳು. ಸಂಜೆ ಶಾಲೆಯ ಬಸ್ಸುಗಳನ್ನು ಕಳಿಸಿ, ಕಾರಿನಲ್ಲೇ ಕೂತು ಓದಿ, ಅಡುಗೆಮನೆಯಲ್ಲಿ ನಿಂತು ಬರೆದು, ಭಾನುವಾರದ ಗಡುವಿಗೆ ಮುಂಚೆ ಗುಂಡಿ ಒತ್ತಿ ಕಳಿಸುತ್ತಿದ್ದಳು. "ಮ್ಯಾಮ್, ನಿಮ್ಮ ಥರದವರನ್ನ ನಾನು ನೋಡೇ ಇಲ್ಲ, ರಾಕೆಟ್ ನೀವು!" ಎಂದಿದ್ದ ಟ್ರೆವರ್. ಆ ಹೊಗಳಿಕೆಯನ್ನು ಅವಳು ಚರ್ಚಿನ ಊಟದ ಮನೆಯಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡಿದ್ದಳು. ಮೊದಲನೇ ಕೋರ್ಸಿನಲ್ಲೇ ಪ್ರಬಂಧದ ವಿಷಯ ಗೊತ್ತುಮಾಡಿಕೊಂಡು, ಪ್ರತಿ ಕೋರ್ಸಿನ ಕೊನೆಯ ಬರಹವನ್ನೂ ಅದೇ ವಿಷಯದ ಮೇಲೆ ಬರೆಯುತ್ತ ಹೋಗಿ, ಕೋರ್ಸು ಮುಗಿಯುವ ಹೊತ್ತಿಗೆ ಅರ್ಧ ಪ್ರಬಂಧ ಕೈಯಲ್ಲಿರಬೇಕು, ಇದು ಅಲ್ಲಿಯ ಕ್ರಮ. ಅದನ್ನು ಎಲ್ಲ ಕಡೆ ಬರೆದಿದ್ದರು, ಓದಿಯೂ ಇದ್ದಳು. ಆದರೆ ಬಸ್ಸಿನಲ್ಲಿ ಹುಡುಗರು ಹೊಡೆದಾಡಿದ ವಾರ ಬಸ್ಸಿನ ಶಿಸ್ತಿನ ಮೇಲೆ ಬರೆದಳು, ಗಣಿತದ ಪರೀಕ್ಷೆ ಕೆಟ್ಟ ವಾರ ಗಣಿತದ ಮೇಲೆ, ಹೊಸ ಶಿಕ್ಷಕಿಯರು ಅತ್ತುಕೊಂಡು ಬಿಟ್ಟುಹೋದ ವಾರ ಹೊಸ ಶಿಕ್ಷಕಿಯರ ಮೇಲೆ. ಕೈಗೆ ಸಿಕ್ಕಿದ್ದನ್ನು ಬರೆದರೆ ಬೇಗ ಮುಗಿಯುತ್ತಿತ್ತು, ಎಲ್ಲದಕ್ಕೂ ಒಳ್ಳೆಯ ಅಂಕವೂ ಬರುತ್ತಿತ್ತು. ಕೋರ್ಸುಗಳೆಲ್ಲ ಮುಗಿದು ಡಾಕ್ಟರ್ ಹೇಗನ್ ಮೊದಲ ಸಲ ಪರದೆಯ ಮೇಲೆ ಕಾಣಿಸಿಕೊಂಡಾಗ, ಬೆನ್ನ ಹಿಂದೆ ಹಳದಿ ದೀಪ, ಮಿನೆಸೋಟಾದ ಹಿಮ ಬಡಿಯುವ ಕಿಟಕಿ, ಆ ಹೆಂಗಸು ಬಹಳ ಹೊತ್ತು ಕಾಗದ ತಿರುವಿ, "ಎಲ್ಲಾ ಚೆನ್ನಾಗೇ ಬರ್ದಿದೀರಿ. ಆದ್ರೆ ಇದ್ರಲ್ಲಿ ನಿಮ್ದು ಯಾವುದು?" ಎಂದು ಕೇಳಿದರು. ರೆನೀಟಾಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಪರದೆಯ ಮೂಲೆಯಲ್ಲಿ ತನ್ನ ಮುಖ ನಗುತ್ತಲೇ ಇರುವುದನ್ನು ಕಂಡು ಇನ್ನಷ್ಟು ನಾಚಿಕೆಯಾಯಿತು.

ಆಮೇಲಿನ ವರ್ಷಗಳು ಎಲ್ಲಿ ಹೋದವು ಎಂದು ಕೇಳಿದರೆ ಹೇಳಲು ಬಾರದು. ವಿಷಯ ಹುಡುಕುವುದರಲ್ಲಿ ಒಂದಷ್ಟು, ಹುಡುಕಿದ್ದನ್ನು ಬಿಡುವುದರಲ್ಲಿ ಒಂದಷ್ಟು. ಅವಧಿ ಮುಗಿದ ಹಾಗೆಲ್ಲ ಅದೇ ಪ್ರಬಂಧದ ಕೋರ್ಸಿಗೆ ಮತ್ತೆ ಮತ್ತೆ ಹೆಸರು ಹಚ್ಚುವುದು. ಬದುಕಿದ್ದೇನೆ ಎಂದು ತೋರಿಸಲು ವಾರಕ್ಕೊಂದು ಸಲ ಕೋರ್ಸಿನ ಆನ್‌ಲೈನ್ ಚರ್ಚೆಯ ಪುಟದಲ್ಲಿ ಒಂದು ಬರಹ, ಸಹಪಾಠಿಗಳ ಬರಹಕ್ಕೆ ಎರಡು ಉತ್ತರ. 'ನಿಮ್ಮ ಮಾತು ನನ್ನನ್ನು ಯೋಚನೆಗೆ ಹಚ್ಚಿತು, ಮಾರ್ಸೆಲ್.' ಮಾರ್ಸೆಲ್ ಯಾರು, ಕಪ್ಪೋ ಬಿಳಿಯೋ, ಮುದುಕನೋ ಹುಡುಗನೋ, ಯಾವುದೂ ಗೊತ್ತಿಲ್ಲ. ಅವನ ಮಾತು ಯಾವ ಯೋಚನೆಗೂ ಹಚ್ಚಿರಲಿಲ್ಲ. ದೊಡ್ಡಪ್ಪನನ್ನು ಮಣ್ಣು ಮಾಡಿದ ದಿನ, ಮನೆಗೆ ಬಂದು ಜನರೆಲ್ಲ ಊಟಕ್ಕೆ ಕೂತಿದ್ದಾಗ, ಅವಳು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಮಾರ್ಸೆಲ್‌ಗೆ ಉತ್ತರ ಬರೆಯುತ್ತಿದ್ದಳು. ಹೊರಗೆ ದೊಡ್ಡಮ್ಮ ಬಾಗಿಲು ತಟ್ಟಿ, "ಅಳೋದಾದ್ರೆ ಹೊರಗೆ ಬಂದು ಅಳೇ, ನಾವೆಲ್ಲ ಇದ್ದೀವಿ," ಎಂದಿದ್ದಳು. ರೆನೀಟಾ ಕಣ್ಣಿಗೆ ನೀರು ಎರಚಿಕೊಂಡು ಹೊರಬಂದಳು, ಅತ್ತವಳ ಹಾಗೆ ಕಾಣಲಿ ಎಂದು. ದೊಡ್ಡಮ್ಮ ಅವಳನ್ನು ತಬ್ಬಿಕೊಂಡಾಗ ಫೋನು ಜೇಬಿನಲ್ಲಿ ಇನ್ನೂ ಬಿಸಿಯಾಗಿತ್ತು.

ಬಾಗಿಲು ದಡಕ್ಕನೆ ತೆರೆದು ಸಿಸ್ಟರ್ ಮೋಬ್ಲಿ ಒಳಗೆ ಬಂದಳು. ತಲೆಯ ಮೇಲೆ ಬಾಗಿಲಿಗಿಂತ ಅಗಲವಾದ ಹಳದಿ ಟೋಪಿ, ಕೈಯಲ್ಲಿ ಬೀಸಣಿಗೆ. ಈ ಚರ್ಚಿನಲ್ಲಿ ದೊಡ್ಡ ಹೆಂಗಸರೆಲ್ಲ ಸಿಸ್ಟರುಗಳೇ, ಇಲ್ಲಿಯ ಊಟದ ಮನೆ ಇವಳ ಅಂಕೆಯಲ್ಲಿದೆ, ಬಾಯಿ ಯಾರ ಅಂಕೆಯಲ್ಲೂ ಇಲ್ಲ.

"ಅಯ್ಯಯ್ಯೋ, ನೋಡ್ರಪ್ಪ ನಮ್ಮ ಡಾಕ್ಟರನ್ನ! ನನ್ನ ಮೊಣಕಾಲು ಸ್ವಲ್ಪ ನೋಡ್ತೀಯಾ ತಾಯಿ, ರಾತ್ರಿಯೆಲ್ಲಾ ಸಿಡೀತಿತ್ತು."

"ಆ ಥರ ಡಾಕ್ಟರಲ್ಲ ಕಣೇ ಅವಳು," ಎಂದಳು ದೊಡ್ಡಮ್ಮ, ಈ ಮಾತನ್ನು ಹೇಳುವ ಅವಕಾಶಕ್ಕೇ ಕಾದಿದ್ದವಳ ಹಾಗೆ. "ಪುಸ್ತಕ ಬರ್ದಿರೋ ಡಾಕ್ಟರು. ಅದ್ರಲ್ಲಿ ನಾನೂ ಇದ್ದೀನಿ, ಗೊತ್ತಾ? ಬೇರೆ ಹೆಸರಲ್ಲಿ."

"ನಿನಗ್ಯಾಕೆ ಬೇರೆ ಹೆಸರು? ಪೊಲೀಸ್ನೋರು ಹುಡುಕ್ತಿದಾರಾ?"

"ರೂಲ್ಸು ಕಣೇ. ಯಾವ ಹೆಸರು ಅಂತ ಕೇಳ್ಬೇಡ, ಹೇಳಲ್ಲ."

ದೊಡ್ಡಮ್ಮ ನಕ್ಕಳು, ಆದರೆ ನಗು ಅರ್ಧಕ್ಕೇ ನಿಂತಿತು. ರೆನೀಟಾ ಕನ್ನಡಿಯಲ್ಲಿ ಅದನ್ನು ಕಂಡಳು. ಪುಸ್ತಕದ ಮಾತು ಬಂದಾಗಲೆಲ್ಲ ಹೀಗೇ. ಮೊದಲು ಹೆಮ್ಮೆ, ಆಮೇಲೆ ದೊಡ್ಡಮ್ಮನ ಕಣ್ಣು ಬೇರೆ ಕಡೆ ಹೋಗುವುದು. ಮೋಬ್ಲಿ ಹೊರಗೆ ಹೋಗುವಾಗ ಹಿತ್ತಿಲ ಜಾಲರಿ ಬಾಗಿಲನ್ನು ಹಾಗೇ ಬಿಟ್ಟಳು. ಅದರ ಸ್ಪ್ರಿಂಗು ಉದ್ದಕ್ಕೆ ನರಳಿ, ಬಾಗಿಲು ಚೌಕಟ್ಟಿಗೆ ಎರಡು ಸಲ ಬಡಿಯಿತು. ರೆನೀಟಾಳ ಎಡಗೆನ್ನೆ ತುರಿಸಿತು, ಗಂಟು ಗಂಟು ನೂಲಿನ ಹೊದಿಕೆಯ ಮೇಲೆ ಬಹಳ ಹೊತ್ತು ಕೆನ್ನೆ ಒತ್ತಿ ಮಲಗಿದರೆ ಆಗುವ ಹಾಗೆ. ಅವಳು ಕೆನ್ನೆ ಉಜ್ಜಿಕೊಂಡಳು.

ಕೊನೆಗೆ ವಿಷಯ ಸಿಕ್ಕಿದ್ದು ತನ್ನ ಮನೆಯಲ್ಲೇ. ಮೊಮ್ಮಕ್ಕಳನ್ನೋ ಅಕ್ಕತಂಗಿಯರ ಮಕ್ಕಳನ್ನೋ ಸಾಕುವ ಹೆಂಗಸರು, ಶಾಲೆಯ ಜೊತೆ ಅವರ ಸಂಬಂಧ. ಡಾಕ್ಟರ್ ಹೇಗನ್ ಮೊದಲ ಸಲ ಮುಂದಕ್ಕೆ ಬಾಗಿ, "ಇದು ನಿಮ್ದು," ಎಂದಿದ್ದರು. ಅನುಮತಿಗೆ ಅರ್ಜಿ ಹೋಯಿತು. ಸಮಿತಿ ಪ್ರಶ್ನೆ ಕೇಳಿತು, ತಿದ್ದಲು ಹೇಳಿತು, ಮತ್ತೆ ಕೇಳಿತು. ಶಾಲೆ ಮುಚ್ಚುವ ಕಾಲ ಬಂತು, ಬೇಸಿಗೆಗೆ ಈ ಹೆಂಗಸರೆಲ್ಲ ಎಲ್ಲೆಲ್ಲಿಗೋ ಚೆದುರಿಬಿಡುತ್ತಾರೆ. ಅನುಮತಿ ಇವತ್ತೋ ನಾಳೆಯೋ ಬರುವುದು ಖಚಿತ, ಬಂದ ಮೇಲೆ ಯಾರು ತಾರೀಖು ನೋಡುತ್ತಾರೆ ಎಂದುಕೊಂಡು ಶುರುಮಾಡಿಬಿಟ್ಟಳು. ಎಲ್ಲರಿಗಿಂತ ಮೊದಲು ದೊಡ್ಡಮ್ಮನ ಅಡುಗೆಮನೆ. ಮೇಜಿನ ಮೇಲೆ ಬಿಡಿಸಲು ಸುರಿದ ಅಲಸಂದೆ ಕಾಯಿ, ಅದರ ಪಕ್ಕ ದನಿ ಹಿಡಿಯಲು ಇಟ್ಟ ಫೋನು, ಮುದ್ರಿಸಿದ ಪ್ರಶ್ನೆಗಳ ಹಾಳೆ. "ಇಲ್ಲಿ ಸಹಿ ಹಾಕು ದೊಡ್ಡಮ್ಮ, ಮಾಮೂಲು," ಎಂದು ಒಪ್ಪಿಗೆ ಪತ್ರ ಚಾಚಿದಳು. ಹೇಳಿದ್ದನ್ನು ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕು ನಿಮಗಿದೆ ಎಂದು ಅದರಲ್ಲಿ ಒಂದು ಸಾಲಿತ್ತು, ಅದನ್ನು ಓದಿ ಹೇಳಬೇಕಿತ್ತು. ಓದಲಿಲ್ಲ. ದೊಡ್ಡಮ್ಮ ಕನ್ನಡಕ ಹುಡುಕುವ ಗೋಜಿಗೂ ಹೋಗದೆ ಸಹಿ ಹಾಕಿದಳು. ಸುಳ್ಳು ಹೆಸರೊಂದು ಆರಿಸಿಕೋ ಎಂದಾಗ ಮಾತ್ರ ಬಹಳ ಹೊತ್ತು ಯೋಚಿಸಿ, ಹುಡುಗಿಯ ಹಾಗೆ ನಾಚಿ, "ಜೋಸೆಫೀನ್," ಎಂದಳು. ಚಿಕ್ಕಂದಿನಲ್ಲಿ ತನಗೆ ಬೇಕಿದ್ದ ಹೆಸರಂತೆ.

ಮೊದಲ ಪ್ರಶ್ನೆಗಳಿಗೆ ಜೋಸೆಫೀನ್ ಯಾರಾದರೂ ಹೇಳುವಂಥ ಉತ್ತರ ಹೇಳಿದಳು. ಮಗು ನಿಮ್ಮ ಬಳಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆ ಬಂದಾಗ ಕಾಳು ಬಿಡಿಸುವ ಬೆರಳು ನಿಂತಿತು. "ತಂಗಿ ವಿನೆಟ್ ಬಿಟ್ಟುಹೋದ್ಲು ಅಂತ ಎಲ್ಲರಿಗೂ ಹೇಳ್ದೆ," ಎಂದಳು, ಫೋನಿನ ಕಡೆ ನೋಡುತ್ತ, ರೆನೀಟಾಳ ಕಡೆ ಅಲ್ಲ. "ಬಿಟ್ಟುಹೋಗಿದ್ದು ನಿಜ. ಆದ್ರೆ ಅವಳು ವಾಪಸ್ ಬಂದಿದ್ಲು. ಡೆಟ್ರಾಯಿಟ್ನಲ್ಲಿ ಕೆಲಸ ಸಿಕ್ಕಿ, ಒಳ್ಳೆ ಕೋಟು ಹಾಕ್ಕೊಂಡು, ಮಗೂನ ಕರ್ಕೊಂಡು ಹೋಗೋಕೆ ಬಂದ್ಲು. ನಾನು ಜಾಲರಿ ಬಾಗಿಲ ಚಿಲಕ ಹಾಕಿ ಒಳಗೇ ನಿಂತೆ. ಮಗು ಇಲ್ಲಿಲ್ಲ, ಅವಳ ಅಪ್ಪನ ಕಡೆಯೋರು ತಗೊಂಡು ಹೋದ್ರು ಅಂದೆ. ಮಗು ಹಿಂದಿನ ಕೋಣೇಲಿ ಮಲಗಿತ್ತು. ಅವಳು ಮೆಟ್ಟಿಲ ಮೇಲೆ ಕೂತು ಅತ್ತು ಹೋದ್ಲು. ಎರಡು ಚಳಿಗಾಲ ಆದ್ಮೇಲೆ ಅಲ್ಲೇ ಸತ್ಲು." ಫೋನಿನ ಪರದೆಯ ಮೇಲೆ ದನಿಯ ಗೆರೆ ಚಪ್ಪಟೆಯಾಯಿತು. ರೆನೀಟಾ ತಲೆಯಾಡಿಸಿದಳು, ಸಂದರ್ಶನ ಮಾಡುವವರು ಭಾವನೆ ತೋರಿಸದೆ ತಲೆಯಾಡಿಸಬೇಕು ಎಂದು ಕೋರ್ಸಿನಲ್ಲಿ ಕಲಿತ ಹಾಗೆ. ಆಮೇಲೆ ಹಾಳೆಯ ಮೇಲೆ ಕಣ್ಣಿಳಿಸಿ, "ಈ ಅನುಭವದಿಂದ ಮಗುವಿನ ಶಾಲೆಯ ವಿಚಾರದಲ್ಲಿ ನಿಮ್ಮ ಪಾತ್ರ ಹೇಗೆ ಬದಲಾಯ್ತು?" ಎಂದು ಮುಂದಿನ ಪ್ರಶ್ನೆ ಕೇಳಿದಳು.

ಆ ಧ್ವನಿಮುದ್ರಣವನ್ನು ಅವಳು ಆಮೇಲೆ ಎಷ್ಟೋ ಸಲ ಕೇಳಿಸಿಕೊಂಡಿದ್ದಾಳೆ, ಟೈಪು ಮಾಡಲೆಂದು ಹಿಂದೆ ಮುಂದೆ ಓಡಿಸಿ. ತನ್ನ ದನಿ ನಡುಗಿರಲಿಲ್ಲ. ಅದೇ ಹೆಚ್ಚು ಹೆದರಿಸಿತ್ತು. ದೊಡ್ಡಮ್ಮ ಒಂದು ಕ್ಷಣ ಅವಳ ಮುಖ ನೋಡಿ, ಯಾವುದೋ ಬಾಗಿಲು ತೆರೆದೀತೆಂದು ಕಾದು, ತೆರೆಯದ್ದನ್ನು ಕಂಡು, ಶಾಲೆಯ ಬಗ್ಗೆ ಹೇಳತೊಡಗಿದ್ದಳು. ಅವತ್ತಿನಿಂದ ಇಬ್ಬರೂ ಆ ಮಾತು ಎತ್ತಿಲ್ಲ. ರೆನೀಟಾ ಮಾತ್ರ ಅದನ್ನು ನಾಲ್ಕನೇ ಅಧ್ಯಾಯ ಮಾಡಿದಳು. 'ಹೊಸ್ತಿಲು ಕಾಯುವಿಕೆ' ಎಂದು ಅದಕ್ಕೆ ಶೀರ್ಷಿಕೆ ಕೊಟ್ಟಳು, ಜೋಸೆಫೀನಳ ಮಾತನ್ನು ಉದ್ಧರಣ ಚಿಹ್ನೆಯ ನಡುವೆ ಇಟ್ಟಳು, ಎಡಕ್ಕೆ ಬಲಕ್ಕೆ ಎಷ್ಟು ಅಂಚು ಬಿಡಬೇಕೋ ಅಷ್ಟು ಬಿಟ್ಟಳು. ಡಾಕ್ಟರ್ ಹೇಗನ್ ಪುಟದ ಪಕ್ಕದಲ್ಲಿ 'ಅದ್ಭುತ' ಎಂದು ಬರೆದಿದ್ದರು. ಅದನ್ನು ಓದಿ ಅವಳಿಗೆ ಸಂತೋಷವಾಗಿತ್ತು, ನಿಜವಾದ ಸಂತೋಷ. ಅದಕ್ಕಾಗಿ ತನ್ನನ್ನು ಏನೆಂದು ಬೈದುಕೊಳ್ಳಬೇಕೋ ಇನ್ನೂ ಗೊತ್ತಾಗಿಲ್ಲ. ಆ ಪುಟವೇ ಆಮೇಲೆ ಅವಳನ್ನು ಹಿಡಿದುಹಾಕಿತು. ಸಂದರ್ಶನದ ತಾರೀಖು ಮೇಲೆಯೇ ಇತ್ತು, ಅನುಮತಿಯ ತಾರೀಖು ಅದಕ್ಕಿಂತ ಈಚಿನದು. ಬದಲಾಯಿಸಿಬಿಡಬಹುದಿತ್ತು. ಬೆರಳು ಆ ಅಂಕಿಯ ಮೇಲೆ ಇದ್ದದ್ದೂ ಉಂಟು. ಬದಲಾಯಿಸದೆ ಇದ್ದದ್ದು ಪ್ರಾಮಾಣಿಕತೆಯಿಂದಲೋ, ಆ ದಿನವನ್ನು ಬೇರೆ ದಿನ ಮಾಡಲು ಮನಸ್ಸಾಗದೆಯೋ, ಅವಳಿಗೇ ತಿಳಿಯದು.

"ಆಯ್ತು, ತಿರುಗು," ಎಂದಳು ದೊಡ್ಡಮ್ಮ. ಹಿಂದೆ ಸರಿದು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಣ್ಣು ತುಂಬಿಬಂತು. "ವಿನೆಟ್..." ಎಂದವಳು ನಿಲ್ಲಿಸಿ, "ಹೋಗು, ಸಾಲಲ್ಲಿ ನಿಲ್ಲು, ನನ್ನನ್ನ ಅಳಿಸ್ಬೇಡ," ಎಂದಳು.

"ದೊಡ್ಡಮ್ಮ, ಒಂದು ಮಾತು."

"ಊಟ ಆದ್ಮೇಲೆ ಹೇಳು. ಆರ್ಗನ್ ಶುರುವಾಯ್ತು."

ಪದವೀಧರರ ಭಾನುವಾರ ಈ ಚರ್ಚಿನಲ್ಲಿ ಚಿಕ್ಕವರಿಂದ ದೊಡ್ಡವರ ಕ್ರಮದಲ್ಲಿ ನಡೆಯುತ್ತದೆ. ಶಿಶುವಿಹಾರ ಮುಗಿಸಿದ ಮಕ್ಕಳು ಮೊದಲು, ಆಮೇಲೆ ಹೈಸ್ಕೂಲು, ಆಮೇಲೆ ಕಾಲೇಜು, ಕಟ್ಟಕಡೆಗೆ, ಯಾರಾದರೂ ಇದ್ದರೆ, ಡಾಕ್ಟರು. ಒಬ್ಬೊಬ್ಬರೂ ನಡುಹಾದಿಯಲ್ಲಿ ನಡೆದುಹೋಗಿ ಮೈಕಿನ ಮುಂದೆ ನಿಂತು ಹೆಸರು, ಶಾಲೆ, ಪದವಿ ಹೇಳಬೇಕು. ಬೆಂಚುಗಳಲ್ಲಿ ಕೂತವರು ಕೂಗಬೇಕು. ರೆನೀಟಾ ಸಾಲಿನ ಕೊನೆಯಲ್ಲಿ ನಿಂತಳು. ಗೌನು ಅವಳನ್ನು ತಾನಾಗಿ ಎತ್ತಿ ನಿಲ್ಲಿಸಿದ ಹಾಗಿತ್ತು, ಅಷ್ಟು ಚೆನ್ನಾಗಿ ಕೂತಿತ್ತು. ಓಡಿಹೋಗಬಹುದು ಎನ್ನಿಸಿತು. ಹಿತ್ತಿಲ ಬಾಗಿಲು ತೆರೆದಿದೆ, ಕಾರಿನ ಕೀಲಿ ಚೀಲದಲ್ಲಿದೆ. ಆದರೆ ಚೀಲ ದೊಡ್ಡಮ್ಮನ ಕೈಯಲ್ಲಿತ್ತು. ಮುಂದೆ ಶಿಶುವಿಹಾರದ ಪುಟ್ಟ ಹುಡುಗಿಯೊಬ್ಬಳು, ಬಿಳಿ ಟೋಪಿ ಕಣ್ಣಿಗೆ ಇಳಿದು, ಮೈಕಿನ ಮುಂದೆ ಹೋಗಿ ನಿಂತು, ಬಾಯಿಂದ ಸದ್ದೇ ಹೊರಡದೆ ಕಲ್ಲಾದಳು. ಎಲ್ಲ ಕಡೆಯಿಂದ ಮುದುಕಿಯರ ದನಿ ಎದ್ದಿತು, ಬೋಧನೆ ಮಾಡುವವರು ತಡವರಿಸಿದಾಗ, ಹಾಡುವವರ ಗಂಟಲು ಕಟ್ಟಿದಾಗ ಯಾವಾಗಲೂ ಏಳುವ ಹಾಗೆ: "ಸಾವಕಾಶ ಮಗಳೇ! ಅವಸರ ಇಲ್ಲ! ಸಾವಕಾಶ!" ಹುಡುಗಿ ಕೊನೆಗೆ ಹೆಸರು ಕಿರುಚಿ ಓಡಿದಳು. ಚರ್ಚೆಲ್ಲ ನಗು.

ಅವಳ ಸರದಿ ಬಂದಾಗ ಪಾಸ್ಟರ್ ಪೆಟ್‌ವೇ ಕೈ ಎತ್ತಿ ಆರ್ಗನ್ ನಿಲ್ಲಿಸಿದರು. "ಈ ಗೋಡೆಗಳ ಒಳಗೆ ಬೆಳೆದ ಹುಡುಗಿ," ಎಂದರು, "ಸಿಸ್ಟರ್ ಓಜೆಲ್ಲಾ ಸಾಕಿದ ಹುಡುಗಿ." ಜನ ಎದ್ದು ನಿಂತರು. ರೆನೀಟಾ ನಡೆದಳು. ಎರಡೂ ಕಡೆಯಿಂದ ಕೈಗಳು ಬಂದು ತೋಳಿನ ಮಖಮಲ್ಲನ್ನು ಮುಟ್ಟುತ್ತಿದ್ದವು, ಒಂದು ಮುದುಕಿ ಪಟ್ಟಿಗೆ ಮುತ್ತಿಟ್ಟಳು. ಮುಂದಿನ ಬೆಂಚಿನಲ್ಲಿ ದೊಡ್ಡಮ್ಮ ಮಾತ್ರ ಕೂತೇ ಇದ್ದಳು, ಮಡಿಲಲ್ಲಿ ಚೀಲ, ಎರಡೂ ಕೈ ಅದರ ಮೇಲೆ. ಮೈಕು ಬಾಯಿಯ ಹತ್ತಿರ ಬಂತು. ಹೆಸರು ಹೇಳಿದಳು. ಶಾಲೆಯ ಹೆಸರು ಹೇಳಲಿಲ್ಲ. ಮೈಕನ್ನು ಕೈಗೆ ತೆಗೆದುಕೊಂಡಳು.

"ಸಾವಕಾಶ ಮಗಳೇ!" ಎಂದಿತು ಹಿಂದಿನಿಂದ ಒಂದು ದನಿ. "ಸಾವಕಾಶ ಡಾಕ್ಟರಮ್ಮ! ನಾವೆಲ್ಲೂ ಹೋಗಲ್ಲ! ಎಷ್ಟು ಹೊತ್ತು ಬೇಕಾದ್ರೂ ತಗೋ!" ಬೀಸಣಿಗೆಗಳು ಆಡುತ್ತಿದ್ದವು. ಅವರೆಲ್ಲ ಇರುವ ಹೊತ್ತನ್ನೆಲ್ಲ ಎರಡೂ ಕೈಯಲ್ಲಿ ತಂದು ಅವಳ ಮುಂದೆ ಸುರಿಯುತ್ತಿದ್ದರು. ಏಳು ವರ್ಷದಲ್ಲಿ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ, ಅವಳೂ ಹೇಳಿಕೊಂಡಿರಲಿಲ್ಲ. ಈಗ ಹೇಳಿ ಏನು ಉಪಯೋಗ? ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಕೋಪ ಬಂತು.

"ನನಗೆ ಡಿಗ್ರಿ ಬಂದಿಲ್ಲ," ಎಂದಳು. "ಬರೋದೂ ಇಲ್ಲ. ಸುಳ್ಳು ಹೇಳಿದ್ದೆ."

ಬೀಸಣಿಗೆಗಳು ನಿಂತವು. ಮೂವತ್ತು ವರ್ಷದಿಂದ ಇಂಥ ಗಳಿಗೆಗಳನ್ನು ದಾಟಿಸುತ್ತ ಬಂದವರು ಪಾಸ್ಟರ್ ಪೆಟ್‌ವೇ. ಮೈಕನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡು, ಅವಳ ಹೆಗಲ ಮೇಲೆ ಕೈಯಿಟ್ಟು, ಗುಡುಗಿದರು: "ಡಿಗ್ರಿ ಬಂದಿಲ್ಲ ಅಂತಾನೆ ಸೈತಾನ! ಚರ್ಚು ಏನು ಹೇಳುತ್ತೆ? ಕೈಗೆ ಬರೋದಕ್ಕೆ ಮುಂಚೇನೇ ಬಂತು ಅನ್ನೋರು ನಾವು! ಯೇಸುವಿನ ಹೆಸರಲ್ಲಿ ಇವಳು ಡಾಕ್ಟರು ಅಂತ ಈಗಲೇ ಸಾರ್ತೀವಿ! ಹೌದೋ ಅಲ್ವೋ?" ಹೌದು, ಎಂದಿತು ಚರ್ಚು. ಆರ್ಗನ್ ಸಿಡಿಯಿತು, ಡ್ರಮ್ಮು ಸೇರಿಕೊಂಡಿತು, ಸಿಸ್ಟರ್ ಮೋಬ್ಲಿಯ ಹಳದಿ ಟೋಪಿ ಮೇಲೆ ಕೆಳಗೆ ಕುಣಿಯಿತು. ಡಾಕ್ಟರ್, ಡಾಕ್ಟರ್ ಎಂದು ಮೊದಲಿಗಿಂತ ಹೆಚ್ಚಾಗಿ ಕೂಗಿದರು. ಅವಳನ್ನು ತಬ್ಬಿದರು, ಬೆನ್ನು ತಟ್ಟಿದರು. ಏಳು ವರ್ಷದಲ್ಲಿ ಮೊದಲ ಸಲ ನಿಜ ಹೇಳಿದರೆ ಅದನ್ನೂ ಹಾಡಿ ಮುಚ್ಚಿಬಿಟ್ಟರಲ್ಲ ಎಂದು ಅವಳು ಆ ತೋಳುಗಳಿಂದ ಬಿಡಿಸಿಕೊಳ್ಳುತ್ತ ಮುಂದಿನ ಬೆಂಚಿನ ಕಡೆ ನೋಡಿದಳು. ಆ ಗದ್ದಲದ ನಡುವೆ ದೊಡ್ಡಮ್ಮ ಎದ್ದು, ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು, ಯಾರನ್ನೂ ನೋಡದೆ ಪಕ್ಕದ ಬಾಗಿಲಿನಿಂದ ಹೊರಟುಹೋದಳು.

ನಿಲುವಂಗಿಯ ಕೋಣೆಯಲ್ಲಿ ದೊಡ್ಡಮ್ಮ ಕುರ್ಚಿಯ ಮೇಲೆ ಕೂತಿದ್ದಳು. ಕೆಳಗಿನ ಊಟದ ಮನೆಯಿಂದ ಕರಿದ ಕೋಳಿಯ ವಾಸನೆ, ತಟ್ಟೆಗಳ ಸದ್ದು ಮೇಲೇರಿ ಬರುತ್ತಿತ್ತು. ರೆನೀಟಾ ಒಳಗೆ ಬಂದು ನಿಂತಳು. "ಬಾಗಿಲು ಹಾಕು," ಎಂದಳು ದೊಡ್ಡಮ್ಮ. "ಆ ಕಡೆ ತಿರುಗು. ಹಿಂದಿನ ಕೊಕ್ಕೆ ನಿನ್ನ ಕೈಗೆ ಎಟುಕಲ್ಲ."

ರೆನೀಟಾ ಗೋಡೆಯ ಕಡೆ ತಿರುಗಿದಳು. ಬೆನ್ನ ಮೇಲೆ ಆ ಬೆರಳುಗಳು ಕೆಲಸ ಶುರುಮಾಡಿದವು. ಮೊದಲು ಗವುಸು ಬಂತು, ಅದನ್ನು ಹೊಲಿಗೆಯ ಗೆರೆ ಹಿಡಿದು ಮಡಿಸಿ ಕುರ್ಚಿಯ ಮೇಲೆ ಇಟ್ಟ ಸದ್ದು.

"ಪಾಸ್ಟರ್ ಏನು ಬೇಕಾದ್ರೂ ಕೂಗ್ಲಿ. ನೀನು ನನಗೆ ಹೇಳು. ಬರಲ್ವಾ?"

"ಬರಲ್ಲ ದೊಡ್ಡಮ್ಮ. ಕಾಲ ಮುಗಿದುಹೋಯ್ತು."

"ಜೋಸೆಫೀನು?"

"ತೆಗೆದುಹಾಕು ಅಂದಿದಾರೆ. ನಿನ್ನ ತಪ್ಪಲ್ಲ, ನಂದು. ಅವರು ಕೇಳು ಅನ್ನೋ ಮುಂಚೇನೇ ನಾನು ಬಂದು ಕೇಳ್ಬಿಟ್ಟೆ. ಹೇಳಿದ್ದನ್ನ ನೀನು ವಾಪಸ್ ತಗೋಬಹುದಿತ್ತು, ಅದನ್ನೂ ನಿನಗೆ ಹೇಳ್ಲಿಲ್ಲ."

"ಅಂದ್ರೆ ಅದನ್ನ ಯಾರೂ ಓದಲ್ಲ."

"ಯಾರೂ ಓದಲ್ಲ."

ಬೆರಳುಗಳು ನಿಂತವು. ದೊಡ್ಡಮ್ಮ ಬೈಯುತ್ತಾಳೆ, ಇಲ್ಲ ಅಳುತ್ತಾಳೆ ಎಂದು ರೆನೀಟಾ ಕಾದಳು. ಎರಡರಲ್ಲಿ ಒಂದಾದರೂ ಆಗಲಿ ಎಂದು ಬೇಡಿಕೊಂಡಳು. ದೊಡ್ಡಮ್ಮ ಮಾತಾಡಿದಾಗ ದನಿ ಸಣ್ಣಗಿತ್ತು.

"ನಿನ್ನ ಮುಖ ನೋಡಿ ಹೇಳೋಕೆ ಈ ಜನ್ಮದಲ್ಲಿ ಧೈರ್ಯ ಬರ್ತಿರ್ಲಿಲ್ಲ ನನಗೆ. ನಿನ್ನ ಪುಸ್ತಕಕ್ಕೆ ಬೇಕು ಅಂದೆ, ಹೇಳ್ದೆ. ಜೋಸೆಫೀನ್ ಹೇಳಿದ್ಲು, ಪುಸ್ತಕ ಕೇಳಿಸ್ಕೊಳ್ತು, ನನಗೂ ನಿನಗೂ ಸಂಬಂಧ ಇಲ್ಲ ಅಂದ್ಕೊಂಡೆ. ಈಗ ಪುಸ್ತಕಾನೇ ಇಲ್ಲ ಅಂತೀಯ." ಉಸಿರೆಳೆದುಕೊಂಡಳು. "ಹಾಗಾದ್ರೆ ಅದು ನಿನಗೇ ಹೇಳಿದ್ದು ಅಂತಾಯ್ತಲ್ಲೇ."

ದೊಡ್ಡಮ್ಮನ ಬೆರಳು ಗೌನಿನ ಕೊನೆಯ ಕೊಕ್ಕೆ ಬಿಚ್ಚಿತು.

"ಅವತ್ತು ನೀನು ಏನೂ ಅನ್ಲಿಲ್ಲ," ಎಂದಳು ದೊಡ್ಡಮ್ಮ. "ಮುಂದಿನ ಪ್ರಶ್ನೆ ಕೇಳ್ದೆ. ಬೈದಿದ್ರೆ, ಹೊಡೆದಿದ್ರೆ ಚೆನ್ನಾಗಿರ್ತಿತ್ತು. ಈಗ ಹೇಳು. ಏನಾದ್ರೂ ಹೇಳು."

ರೆನೀಟಾಳ ಕಣ್ಣು ಗೋಡೆಯ ಮೇಲೆ ಪ್ರಶ್ನೆಗಳ ಹಾಳೆಯನ್ನು ಹುಡುಕಿತು. ಕೆಳಗೆ ಯಾರೋ ಹೊರಗೆ ಹೋದರು, ಜಾಲರಿ ಬಾಗಿಲಿನ ಸ್ಪ್ರಿಂಗು ಉದ್ದಕ್ಕೆ ನರಳಿತು. ಕೆನ್ನೆಯಡಿಯಲ್ಲಿ ಹೊದಿಕೆಯ ನೂಲಿನ ಗಂಟುಗಳು, ಕಿಟಕಿಯಲ್ಲಿ ಮಧ್ಯಾಹ್ನದ ಬೆಳಕು, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ. ಬಾಗಿಲಿನಾಚೆ ಒಂದು ದನಿ ತನ್ನ ಹೆಸರು ಹಿಡಿದು ಕೇಳುತ್ತಿದೆ, ದೊಡ್ಡಮ್ಮನ ದನಿ ಇಲ್ಲ ಎನ್ನುತ್ತಿದೆ. ಅವಳು ಉಸಿರು ಬಿಗಿಹಿಡಿದು, ಕೆನ್ನೆಯನ್ನು ಇನ್ನೂ ಬಲವಾಗಿ ಒತ್ತಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದಾಳೆ.

"ನನಗೆ ಎಚ್ಚರ ಇತ್ತು, ದೊಡ್ಡಮ್ಮ."

"ಏನು?"

"ಅವತ್ತು. ಹಿಂದಿನ ಕೋಣೇಲಿ. ನನಗೆ ನಿದ್ದೆ ಬಂದಿರ್ಲಿಲ್ಲ. ಅಮ್ಮನ ದನಿ ಅಂತ ಗೊತ್ತಾಯ್ತು. ಹೊರಗೆ ಬಂದ್ರೆ ಕರ್ಕೊಂಡು ಹೋಗ್ಬಿಡ್ತಾಳೆ ಅಂತ ನಾನೇ ಬರ್ಲಿಲ್ಲ."

ಕೆಳಗಿನಿಂದ ಸಿಸ್ಟರ್ ಮೋಬ್ಲಿ ಮೆಟ್ಟಿಲ ಬುಡಕ್ಕೆ ಬಂದು ಕೂಗಿದಳು, "ಡಾಕ್ಟರಮ್ಮಾ, ಊಟ ಆರಿಹೋಗ್ತಾ ಇದೆ!" ದೊಡ್ಡಮ್ಮನ ಎರಡೂ ಅಂಗೈ ಅವಳ ಬೆನ್ನ ಮೇಲೆ ಹಾಗೇ ಇದ್ದವು. ಬಿಚ್ಚಿದ ಗೌನು ಹೆಗಲಿಂದ ಜಾರಿ ನೆಲಕ್ಕೆ ಬಿತ್ತು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.